ಹೋರಿಯ ಎಡಗಣ್ಣು

ಶಿಕಾರಿಪುರದಲ್ಲಿ ನನ್ನದೊಂದು ಬೋರ್ಡ್ ಬರೆಯುವ ಅಂಗಡಿ ಇದೆ. ಇದೆ ಎಂದು ಹೇಳಬೇಕಷ್ಟೆ. ಮುಕ್ಕಾಲು ಅಂಗಡಿಯನ್ನು ಈಗ ಫ್ಲೆಕ್ಸ್ ಮಷೀನು ಹಿಡಿದುಕೊಂಡಿದೆ, ಬ್ರಷ್ಷುಗಳ ಡಬ್ಬಿ ಕಿಟಕಿಯ ಮೂಲೆ ಸೇರಿದೆ. ಆ ಬ್ರಷ್ಷುಗಳು ಇನ್ನೂ ಒಣಗಿ ಕಡ್ಡಿಯಾಗಿಲ್ಲವೆಂದರೆ ಅದಕ್ಕೆ ಮೂರ್ತಿಗಳೇ ಕಾರಣ. ಯಾವುದಾದರೂ ಜಯಂತಿ ಹತ್ತಿರ ಬಂತೆಂದರೆ ಸುತ್ತಮುತ್ತಲ ಸರ್ಕಲ್ಲುಗಳಲ್ಲಿ ನಿಂತ ಮಹನೀಯರಿಗೆಲ್ಲ ಹೊಸ ಬಣ್ಣ ಬೇಕಾಗುತ್ತದೆ. ಮೂರ್ತಿಗೆ ಫ್ಲೆಕ್ಸ್ ಅಂಟಿಸಲು ಬರುವುದಿಲ್ಲವಲ್ಲ, ಆಗ ನನ್ನ ನೆನಪಾಗುತ್ತದೆ.

ಕೆಳಗೆ ನಿಂತು ಕೈ ಮುಗಿಯುವವರಿಗೆ ಕಾಣದ್ದು ಏಣಿಯ ಮೇಲೆ ನಿಂತವನಿಗೆ ಕಾಣುತ್ತದೆ. ಖಡ್ಗದ ತುದಿ ಯಾವಾಗಲೋ ಮುರಿದಿರುತ್ತದೆ, ಬೈಂಡಿಂಗ್ ವೈರಿನಲ್ಲಿ ಬಿಗಿದಿರುತ್ತಾರೆ. ಕಂಕುಳಲ್ಲಿ ಕಣಜದ ಗೂಡು. ಕನ್ನಡಕಕ್ಕೆ ಗಾಜಿಲ್ಲ. ನೆತ್ತಿಯ ವಿಷಯ ಹೇಳುವುದೇ ಬೇಡ, ಅದು ಕಾಗೆಗಳ ಆಸ್ತಿ. ವರ್ಷ ವರ್ಷ ಬಣ್ಣದ ಮೇಲೆ ಬಣ್ಣ ಬಿದ್ದು ಮೂಗು ದಪ್ಪವಾಗುತ್ತದೆ, ತುಟಿ ಕೂಡಿಕೊಳ್ಳುತ್ತದೆ, ಹತ್ತು ಕೋಟಿಂಗ್ ಆದಮೇಲೆ ಎಲ್ಲ ಮಹನೀಯರೂ ಒಬ್ಬರಿಗೊಬ್ಬರು ಅಣ್ಣತಮ್ಮಂದಿರಂತೆ ಕಾಣತೊಡಗುತ್ತಾರೆ. ಚುನಾವಣೆ ಬಂದಾಗ ಕೆಲವರ ಮುಖಕ್ಕೆ ಬಟ್ಟೆ ಸುತ್ತುತ್ತಾರೆ. ಒಂದು ಸಲ ಆ ಬಟ್ಟೆ ಬಿಚ್ಚುವುದನ್ನೇ ಮರೆತು ಒಬ್ಬರು ಮಳೆಗಾಲವಿಡೀ ಹಾಗೇ ನಿಂತಿದ್ದರು. ಯಾರೂ ಕೇಳಲಿಲ್ಲ.

ಇದನ್ನೆಲ್ಲ ನಗುತ್ತಲೇ ಹೇಳುತ್ತಾ ಬಂದವನು ನಾನು. ಮೂರ್ತಿ ಎಂದರೆ ಸತ್ತವರಿಗಾಗಿ ಬದುಕಿರುವವರು ಮಾಡಿಕೊಳ್ಳುವ ಗಲಾಟೆ ಎಂದು ಅಂಗಡಿಗೆ ಬಂದವರಿಗೆಲ್ಲ ಭಾಷಣ ಬಿಗಿಯುತ್ತಿದ್ದೆ. ಒಂದು ಹೋರಿಯ ಮೂರ್ತಿಗೆ ಕಣ್ಣು ಬರೆದ ಮೇಲೆ ಆ ಮಾತು ನನ್ನ ಬಾಯಿಂದ ಹೊರಡುವುದು ನಿಂತುಹೋಯಿತು.

ನಮ್ಮ ಕಡೆಯ ದೀಪಾವಳಿ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಪಾಡ್ಯ ಮುಗಿಯುತ್ತಿದ್ದಂತೆ ಹೋರಿ ಹಬ್ಬ ಶುರುವಾಗುತ್ತದೆ. ಇವತ್ತು ಒಂದು ಊರಿನಲ್ಲಿ, ನಾಳೆ ಮತ್ತೊಂದರಲ್ಲಿ. ಹೋರಿಯ ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿ, ಕೊಂಬಿಗೆ ಬಲೂನು ಬಿಗಿದು, ಬೆನ್ನಿಗೆ ಜೂಲದ ಬಟ್ಟೆ ಹಾಕಿ ಅಖಾಡದಲ್ಲಿ ಬಿಡುತ್ತಾರೆ. ಎರಡೂ ಕಡೆ ಜನ. ಅದು ಓಡುವಾಗ ಗಂಡಾಳುಗಳು ಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಹರಿದರೆ ಹಿಡಿದವನು ಗೆದ್ದ, ಹರಿಯಗೊಡದೆ ದಾಟಿದರೆ ಹೋರಿ ಗೆದ್ದಿತು. ಗೆದ್ದ ಹೋರಿಗಳಿಗೆ ಬಿರುದಿನಂಥ ಹೆಸರಿರುತ್ತದೆ, ಆ ಹೆಸರಿನ ಟೀ ಶರ್ಟ್ ತೊಟ್ಟ ಅಭಿಮಾನಿಗಳಿರುತ್ತಾರೆ. ಅಂಥ ಹೋರಿ ಸತ್ತರೆ ಟ್ರ್ಯಾಕ್ಟರಿನಲ್ಲಿ ಮೆರವಣಿಗೆ ಮಾಡಿ, ಮನುಷ್ಯರಿಗೆ ಮಾಡಿದಂತೆ ಮಣ್ಣು ಮಾಡುತ್ತಾರೆ. ಕೆಲವಕ್ಕೆ ಮೂರ್ತಿಯನ್ನೂ ನಿಲ್ಲಿಸುತ್ತಾರೆ.

ನಾನು ಹೇಳುತ್ತಿರುವ ಹೋರಿಗೂ ಅಂಥದೊಂದು ಹೆಸರಿತ್ತು. ಅದನ್ನು ಪೀಠದ ಮೇಲೆ ಒಂದು ಸಲ ಬರೆದಿದ್ದೇನೆ, ಸಾಕು. ನಮ್ಮ ಮನೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ನನ್ನ ತಮ್ಮ ಅದನ್ನು "ಕೂಸೆ" ಎಂದು ಕರೆಯುತ್ತಿದ್ದ.

ಅದು ಹುಟ್ಟಿದ್ದು ಶಿಕಾರಿಪುರದ ಹತ್ತಿರದ ನಮ್ಮ ಹಳ್ಳಿಯ ಕೊಟ್ಟಿಗೆಯಲ್ಲಿ. ಈದ ನಾಲ್ಕನೇ ದಿನಕ್ಕೆ ತಾಯಿ ಹಸು ಸತ್ತಿತು. ಅವ್ವ ಮತ್ತು ತಮ್ಮ ಸೇರಿ ಬಾಟಲಿಯಲ್ಲಿ ಹಾಲು ಕುಡಿಸಿ ಅದನ್ನು ಉಳಿಸಿದರು. ನಾನು ಕುಡಿಸಲಿಲ್ಲ, ನನಗೆ ಅಂಗಡಿಯೇ ದೊಡ್ಡದಾಗಿತ್ತು. ಕರುವಾಗಿದ್ದಾಗಲೇ ನಾಯಿ ಕಚ್ಚಿ ಅದರ ಬಲಗಿವಿ ಹರಿದಿತ್ತು, ಆ ಕಡೆ ಕೇಳಿಸುತ್ತಲೂ ಇರಲಿಲ್ಲವೇನೋ, ಯಾವ ಕಡೆಯಿಂದ ಕರೆದರೂ ಮೊದಲು ಎಡಕ್ಕೇ ಕತ್ತು ಹೊರಳಿಸುತ್ತಿತ್ತು. ತಮ್ಮ ಅದರ ಎಡಗಡೆಯೇ ನಿಂತಿರುತ್ತಿದ್ದ, ಅಂಗೈ ಮೇಲೆ ಬೆಲ್ಲದ ಚೂರು ಇಟ್ಟುಕೊಂಡು. ನೆಕ್ಕಿ ಮುಗಿಸಿದ ಮೇಲೂ ಅದು ಅಂಗೈ ಬಿಡುತ್ತಿರಲಿಲ್ಲ. ಆಳೆತ್ತರ ಬೆಳೆದು, ಬೀದಿಯಲ್ಲಿ ಹೊರಟರೆ ಜನ ಓಣಿ ಬಿಟ್ಟು ಜಗಲಿ ಹತ್ತುವಂತಾದ ಮೇಲೂ ಅವನ ಅಂಗೈಗೆ ಅದು ಕೂಸೇ ಆಗಿತ್ತು.

ತಮ್ಮ ಭತ್ತ ಕೊಯ್ಯುವ ಮಷೀನಿನ ಡ್ರೈವರು. ಸುಗ್ಗಿ ಬಂತೆಂದರೆ ಮಷೀನಿನ ಹಿಂದೆ ಗಂಗಾವತಿ, ಅದರಾಚೆ ಆಂಧ್ರ ಅಂತ ತಿಂಗಳುಗಟ್ಟಲೆ ಹೋಗಿಬಿಡುತ್ತಿದ್ದ. ಅಂಥ ಒಂದು ಸುಗ್ಗಿಯಲ್ಲಿ ನಾನು ಹೋರಿಯನ್ನು ಮಾರಿದೆ. ಸೊರಬ ರಸ್ತೆಯ ಒಂದು ಊರಿನ ಹಿರಿಯರೊಬ್ಬರು, ಹೋರಿ ಹುಚ್ಚಿನವರು, ಬಂದು ಕೇಳಿದರು. ನನಗೆ ಫ್ಲೆಕ್ಸ್ ಮಷೀನು ಬೇಕಾಗಿತ್ತು. ಬ್ರಷ್ಷಿನ ಕಾಲ ಮುಗಿಯಿತೆಂದು ಎಲ್ಲರೂ ಹೇಳುತ್ತಿದ್ದರು, ನನಗೂ ಭಯ ಹತ್ತಿತ್ತು. ತಮ್ಮನನ್ನು ಕೇಳಿದರೆ ಬೇಡ ಎನ್ನುತ್ತಾನೆ ಎಂದು ಗೊತ್ತಿತ್ತು. ಗೊತ್ತಿದ್ದುದರಿಂದಲೇ ಕೇಳಲಿಲ್ಲ.

"ಅವ್ನಿಗೊಂದು ಮಾತು ಹೇಳಿಯೇನು?" ಎಂದು ಅವ್ವ ಕೇಳಿದಳು.

"ಫೋನ್ ಮಾಡಿದ್ದೆ ಬೇ. ಆತು ಅಂದ," ಎಂದೆ.

ಅವ್ವ ನನ್ನ ಮಾತು ನಂಬಿ ತನ್ನ ಕೈಯಾರೆ ಕಣ್ಣಿ ಬಿಚ್ಚಿ ಹಗ್ಗವನ್ನು ಅವರ ಕೈಗೆ ಕೊಟ್ಟಳು. ನಾನು ಆಡಿದ ಸುಳ್ಳುಗಳಲ್ಲಿ ಅದು ದೊಡ್ಡದಲ್ಲ, ಎರಡು ಮಾತಿನದು. ಅದರ ಜೊತೆಗೇ ನಾನು ಈವರೆಗೆ ಬದುಕಿದ್ದೇನೆ.

ಸುಗ್ಗಿ ಮುಗಿಸಿ ಬಂದ ತಮ್ಮ ಬ್ಯಾಗನ್ನು ಹೆಗಲಿಂದ ಇಳಿಸದೆ ನೇರ ಕೊಟ್ಟಿಗೆಗೆ ಹೋದ. ಹೊರಗೆ ಬಂದು, "ಅವ್ವ, ಕೂಸು ಎಲ್ಲಿ?" ಎಂದ. ಅವ್ವ ನನ್ನ ಮುಖ ನೋಡಿದಳು. ಅವನೂ ನೋಡಿದ. ಇಬ್ಬರಿಗೂ ಒಂದೇ ಹೊತ್ತಿಗೆ ಎಲ್ಲ ತಿಳಿಯಿತು. ಅವನು ಕೂಗಾಡಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆನೇನೋ. ಕೂಗಾಡಲಿಲ್ಲ. ಅಂದಿನಿಂದ ನನ್ನೊಡನೆ ಮಾತು ಬಿಟ್ಟ, ಅಷ್ಟೆ. ಒಂದೇ ಪಡಸಾಲೆಯಲ್ಲಿ ಉಣ್ಣಲು ಕುಳಿತು, "ಅವ್ವ, ನೀರಿನ ತಂಬಿಗೆ ಈ ಕಡೆ ಕೊಡಾಕ ಹೇಳು," ಎನ್ನುತ್ತಿದ್ದ. ತಂಬಿಗೆ ನನ್ನ ಮೊಣಕಾಲ ಪಕ್ಕದಲ್ಲೇ ಇರುತ್ತಿತ್ತು.

ಸೊರಬದ ಕಡೆ ಹೋದ ಹೋರಿ ಎರಡೇ ವರ್ಷದಲ್ಲಿ ಹೆಸರು ಮಾಡಿತು. ಅದರ ಬಿರುದಿನ ಫ್ಲೆಕ್ಸುಗಳನ್ನು ನಾನೇ ಹೊಡೆದುಕೊಟ್ಟೆ. ಅದನ್ನು ಮಾರಿ ತಂದ ಮಷೀನಿನಲ್ಲೇ. ಮೂರನೇ ವರ್ಷ ಆ ಊರಿನ ಹಬ್ಬದ ದಿನ ಬೆಳಿಗ್ಗೆ ಅಖಾಡದ ಬಾಯಲ್ಲಿ ಏಣಿ ಹತ್ತಿ ಸ್ವಾಗತದ ಬ್ಯಾನರ್ ಕಟ್ಟುತ್ತಿದ್ದೆ. ಕೆಳಗಿನಿಂದ ಯಾರೋ, "ಅಣ್ಣ, ಏಣಿ ಹಿಡೀಲೇನು?" ಎಂದರು. ತಮ್ಮ. ವರ್ಷಗಳ ಮೇಲೆ ಅವನು ನನಗೆಂದೇ ಆಡಿದ ಮೊದಲ ಮಾತು ಅದು. ಖುಷಿಯಾದದ್ದು ತಿಳಿಯಬಾರದೆಂದು ಹಗ್ಗದ ಗಂಟು ಬಿಗಿಯುತ್ತಲೇ ಒರಟಾಗಿ, "ಬ್ಯಾಡ, ಹೋಗು ನೀನು," ಎಂದುಬಿಟ್ಟೆ. ಅವನು ಹೋದ.

ಮಧ್ಯಾಹ್ನ ಆ ಹೋರಿಯ ಸರದಿ ಬಂದಾಗ ನಾನು ಬ್ಯಾನರಿನ ಕಂಬದ ಬುಡದಲ್ಲಿದ್ದೆ. ಜನ ಶಿಳ್ಳೆ ಹೊಡೆಯುತ್ತಿದ್ದರು. ಹೋರಿಯ ಎಡಗಡೆಯ ಸಾಲಿನಿಂದ ತಮ್ಮ ಎರಡು ಹೆಜ್ಜೆ ಮುಂದೆ ಬಂದು ನಿಂತ. ಕೊಬ್ಬರಿಗೆ ಕೈ ಹಾಕುವವನು ಹಾಗೆ ನಿಲ್ಲುವುದಿಲ್ಲ, ಪಕ್ಕಕ್ಕೆ ಬಾಗಿ ನೆಗೆಯಲು ಸಜ್ಜಾಗಿರುತ್ತಾನೆ. ಇವನು ನೆಟ್ಟಗೆ ನಿಂತಿದ್ದ, ಅಂಗೈ ಬಿಚ್ಚಿ ಮುಂದೆ ಚಾಚಿದ್ದ. ಮೂರು ವರ್ಷದ ಹಿಂದೆ ಬಿಟ್ಟು ಹೋದ ಅಂಗೈಯನ್ನು ಅದು ಗುರುತಿಸುತ್ತದೆ ಎಂದು ಅವನು ನಂಬಿದ್ದ. ಬಾಯಿ ತೆರೆದದ್ದು ಕಂಡಿತು. ಅವನು ಏನು ಕೂಗಿದ ಎಂಬುದು ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಹೋರಿಗೆ ಕೇಳಿಸಿತು. ಓಡುತ್ತಿದ್ದ ಓಟದಲ್ಲೇ ಅದು ಎಡಕ್ಕೆ ಕತ್ತು ಹೊರಳಿಸಿತು. ಅಷ್ಟು ದೊಡ್ಡ ದೇಹ ಹಾಗೆ ಒಮ್ಮೆಲೇ ನಿಲ್ಲಲಾರದು. ಕತ್ತು ಹೊರಳಿತು, ಕತ್ತಿನ ಜೊತೆ ಕೊಂಬೂ ಹೊರಳಿತು, ಓಟ ಹಾಗೇ ಮುಂದುವರಿಯಿತು.

ಸೊರಬದ ಆಸ್ಪತ್ರೆ ಮುಟ್ಟುವ ಮೊದಲೇ ಅವನು ಹೋದ. ಆ ಸಂಜೆಯ ಬಗ್ಗೆ ನಾನು ಬರೆಯಲಾರೆ.

ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೋ ವಾರದೊಳಗೆ ಎಲ್ಲರ ಫೋನಿಗೂ ಬಂತು. ಹೋರಿ ಬೇಕೆಂದೇ ತಿರುಗಿ ಹಾಯ್ದಿತು, ಎಂಥ ರೋಷ ನೋಡಿ ಎಂದು ಅದರ ಕೆಳಗೆ ಬರೆದಿದ್ದರು. ಅದರ ಹೆಸರು ಇನ್ನೂ ದೊಡ್ಡದಾಯಿತು. ಅವ್ವ ಒಂದು ದಿನ, "ನನಗ ಅದನ್ನ ತೋರಿಸು," ಎಂದಳು. ಬೇಡವೆಂದೆ. ಕೇಳಲಿಲ್ಲ. ಕಂಬಕ್ಕೆ ಒರಗಿ ಕುಳಿತು, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹೋರಿ ಕತ್ತು ಹೊರಳಿಸುತ್ತಿದ್ದಂತೆ, "ಅಲ್ಲಿಗೇ ನಿಲ್ಸು," ಎಂದಳು. ನಿಲ್ಲಿಸಿದೆ.

"ನೋಡಲ್ಲಿ. ಅದು ಹಾಯಾಕ ತಿರುಗಿದ್ದಲ್ಲ. ಇವ್ನು ಕರದ, ಅದು ಕೇಳಿಸ್ಕೊಂಡು ತಿರುಗೇತಿ."

ಮುಂದಿನದನ್ನು ಅವಳು ನೋಡಲಿಲ್ಲ. ಆಮೇಲೂ ಆಗಾಗ ಕೇಳುತ್ತಿದ್ದಳು, ನಾನು ಅಲ್ಲಿಯವರೆಗೆ ತೋರಿಸಿ ನಿಲ್ಲಿಸುತ್ತಿದ್ದೆ. ನಿಂತ ಆ ಚಿತ್ರದಲ್ಲಿ ತಮ್ಮ ಇನ್ನೂ ಇದ್ದ, ಅಂಗೈ ಚಾಚಿಕೊಂಡೇ ಇದ್ದ. ಫೋನಿನ ಬೆಳಕು ತಾನಾಗಿ ಆರುವವರೆಗೆ ಅವ್ವ ನೋಡುತ್ತಿದ್ದಳು.

ನನ್ನ ಸುಳ್ಳಿನ ಬಗ್ಗೆ ಅವ್ವ ಒಂದು ದಿನವೂ ಎತ್ತಿ ಆಡಲಿಲ್ಲ. ಎತ್ತಿ ಆಡಲಿ ಎಂದು ಎಷ್ಟೋ ಸಲ ಕಾದಿದ್ದೇನೆ.

ನಾಲ್ಕು ವರ್ಷದ ಮೇಲೆ ಹೋರಿ ಕಾಯಿಲೆ ಬಿದ್ದು ಸತ್ತಿತು. ಮೆರವಣಿಗೆಗೆ ನಾವು ಹೋಗಲಿಲ್ಲ. ಕೆಲವು ತಿಂಗಳು ಕಳೆದು, ಅದನ್ನು ಕೊಂಡಿದ್ದ ಹಿರಿಯರು ನಮ್ಮ ಮನೆಗೆ ಬಂದರು. ತಮ್ಮ ಸತ್ತ ಮೂರನೇ ದಿನವೂ ಬಂದಿದ್ದರು. ಅಂದು ಒಳಗೆ ಕಾಲಿಡಲು ಧೈರ್ಯ ಸಾಲದೆ ಹೊರಗಿನ ಕಟ್ಟೆಯ ಮೇಲೆ ಕೂತು ಅತ್ತು ಹೋಗಿದ್ದರು. ಕೆಟ್ಟವರಲ್ಲ. ಈ ಸಲವೂ ಕಟ್ಟೆಯ ಮೇಲೇ ಕೂತರು.

"ಹೊರಗ ಯಾಕ ಕುಂತೀರಿ, ಒಳಗ ಬರ್ರಿ," ಎಂದಳು ಅವ್ವ.

"ಇರ್ಲಿ ಅಮ್ಮ. ಒಂದು ಮಾತು ಕೇಳ್ಬೇಕಿತ್ತು. ನಮ್ಮೂರ ಬಸ್ ಸ್ಟಾಪಿನ ಹತ್ರ ಹೋರೀದು ಮೂರ್ತಿ ನಿಲ್ಲಿಸ್ಬೇಕು ಅಂತ ಹುಡುಗ್ರೆಲ್ಲ ಹಟ ಹಿಡಿದಾರೆ. ಬಣ್ಣ ಹೊಡೆಯೋಕೆ, ಕಣ್ಣು ಬರೆಯೋಕೆ ನಿಮ್ಮ ಮಗನ ಕೈ ಬಿಟ್ರೆ ಈ ಭಾಗದಲ್ಲಿ ಬೇರೆ ಕೈ ಇಲ್ಲ. ನಿಮಗೆ ಮನಸ್ಸಿಲ್ಲ ಅಂದ್ರೆ ಬ್ಯಾಡ. ಕೇಳ್ದೆ ಮಾಡಿದ್ರೆ ತಪ್ಪಾಗ್ತದೆ ಅಂತ ಬಂದೆ."

ಕೇಳದೆ ಮಾಡಿದರೆ ತಪ್ಪು ಎಂಬುದು ಅವರಿಗೆ ಗೊತ್ತಿತ್ತು. ನಾನು ನೆಲ ನೋಡುತ್ತಾ ನಿಂತಿದ್ದೆ. ಮಗನನ್ನು ಕೊಂದ ಪ್ರಾಣಿಗೆ ಮೂರ್ತಿ ಮಾಡುತ್ತೇವೆ, ಇನ್ನೊಬ್ಬ ಮಗನಿಂದ ಬಣ್ಣ ಹೊಡೆಸುತ್ತೇವೆ ಎಂದು ಕೇಳಲು ಬಂದ ಮನುಷ್ಯನಿಗೆ ಅವ್ವ ಏನು ಹೇಳಿಯಾಳು ಎಂದು ಕಾದೆ. ಅವಳು ಹೊಸ್ತಿಲ ಮೇಲೆ ಕೂತಳು. ಆಮೇಲೆ ಕೇಳಿದಳು:

"ಕತ್ತು ಎತ್ತಲಾಗ ಮಾಡ್ತೀರಿ?"

ಅವರಿಗೆ ಅರ್ಥವಾಗಲಿಲ್ಲ. "ಮುಂದಕ್ಕೆ, ಅಮ್ಮ. ಓಡೋ ಹಂಗೆ."

"ಎಡಕ್ಕ ತಿರುಗಿಸ್ರಿ. ಅದು ಕರದ್ರ ಎಡಕ್ಕ ತಿರುಗ್ತಿತ್ತು. ಅಷ್ಟ ಮಾಡ್ರಿ, ನನ್ನ ಮಗ ಬಂದು ಬಣ್ಣ ಹಚ್ಚತಾನ."

ವಿಚಾರಿಸಿ ಹೇಳುತ್ತೇನೆಂದು ಅವರು ಹೊರಟರು. ಅವರ ಬೈಕು ಮರೆಯಾಗುತ್ತಿದ್ದಂತೆ ಅವ್ವ ನನ್ನನ್ನು ಕರೆದುಕೊಂಡು ಕೆರೆ ಏರಿಯ ಬೀರಗಲ್ಲಿನ ಹತ್ತಿರ ಹೋದಳು. ನಮ್ಮ ಕಡೆ ಬೀರಗಲ್ಲು ಇಲ್ಲದ ಊರಿಲ್ಲ. ಕೆಲವು ಕುಬಟೂರಿನಂಥ ಹಳೆಯ ಊರುಗಳಲ್ಲಿ ದೇವಸ್ಥಾನದ ನೆರಳಿನಲ್ಲಿ ಮರ್ಯಾದೆಯಿಂದ ನಿಂತಿವೆ, ಕೆಲವು ಹೊಲದ ಬದುವಿನಲ್ಲಿ ಅರ್ಧ ಹುಗಿದುಕೊಂಡಿವೆ. ನಮ್ಮೂರಿನದಕ್ಕೆ ದೀಪಾವಳಿ ಅಮಾವಾಸ್ಯೆಗೆ ಎಣ್ಣೆ ಹಚ್ಚುವುದು ನಮ್ಮ ಮನೆಯವರ ಪದ್ಧತಿ. ಯಾರ ಕಲ್ಲೋ, ಯಾವ ಕಾಲದ್ದೋ. ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ಊರ ದನಗಳನ್ನು ಬಿಡಿಸಲು ಹೋಗಿ ಸತ್ತವನು ಎಂದಷ್ಟೇ ನಮ್ಮಜ್ಜಿ ಹೇಳುತ್ತಿದ್ದಳು. ಮೇಲಿನ ಸಾಲಿನಲ್ಲಿ ಅವನು ಲಿಂಗದ ಮುಂದೆ ಕೂತಿದ್ದಾನೆ, ನಡುವೆ ದೇವಲೋಕದ ಹೆಂಗಸರು ಅವನನ್ನು ಕರೆದೊಯ್ಯುತ್ತಿದ್ದಾರೆ, ಕೆಳಗೆ ಕಾಳಗ. ಮುಖ ಸವೆದು ನುಣ್ಣಗಾಗಿದೆ, ಅದು ಯಾರ ಮುಖವೂ ಆಗಬಹುದು.

ಅವ್ವ ಮೊಣಕಾಲೂರಿ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟಳು. ಸಾಲಾಗಿ ಹೋಗುವ ದನಗಳು. ವರ್ಷ ವರ್ಷ ಎಣ್ಣೆ ಹಚ್ಚಿದ ನಾನು ಅದುವರೆಗೆ ಅವನ್ನು ಒಂದೊಂದಾಗಿ ನೋಡಿರಲಿಲ್ಲ. ಎಲ್ಲವೂ ಮುಂದೆ ನೋಡುತ್ತಿದ್ದವು. ಕೊನೆಯದೊಂದು ಮಾತ್ರ ಕತ್ತು ಹೊರಳಿಸಿ ಹಿಂದೆ, ಬಿದ್ದವನ ಕಡೆ ನೋಡುತ್ತಿತ್ತು.

"ನೋಡು," ಎಂದಳು ಅವ್ವ. "ಕೆತ್ತಿದಾತಗ ಗೊತ್ತಿತ್ತು."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂದರೆ ದೊಡ್ಡ ಮಾತಾದೀತು, ಬಂತು. ಆದರೆ ಮರುದಿನ ಅಂಗಡಿಯಲ್ಲಿ ಕೂತು ಜಗತ್ತಿನ ಮೂರ್ತಿಗಳನ್ನೆಲ್ಲ ಫೋನಿನಲ್ಲಿ ನೋಡಿದೆ. ಎಲ್ಲೋ ಕುದುರೆ ಮೇಲೆ ಕೂತ ದೊರೆಗಳು, ಎಲ್ಲೋ ಹೆಸರೇ ಗೊತ್ತಿಲ್ಲದ ಸೈನಿಕನಿಗೆ ಉರಿಸಿಟ್ಟ ದೀಪ. ಎಲ್ಲೋ ಒಂದು ಕಡೆ ಜನ ಮೂರ್ತಿಯೊಂದರ ಕೊರಳಿಗೆ ಹಗ್ಗ ಹಾಕಿ ಜಗ್ಗುತ್ತಿದ್ದರು, ಅದು ಮುಗ್ಗರಿಸಿ ಬಿದ್ದಾಗ ಮೇಲೆ ಹತ್ತಿ ಕುಣಿದರು. ಬಳ್ಳಿಗಾವಿಯ ಕಂಬದ ಮೇಲಿನ ಗಂಡಭೇರುಂಡ ಎರಡು ತಲೆ ಹೊತ್ತು ಎರಡು ಕಡೆಗೂ ನೋಡುತ್ತದೆ. ಎಲ್ಲ ಮೂರ್ತಿಗಳೂ ಒಂದಲ್ಲ ಒಂದು ಕಡೆ ನೋಡುತ್ತವೆ, ಎತ್ತ ನೋಡಬೇಕೆಂಬುದನ್ನು ಮಾತ್ರ ನಿಲ್ಲಿಸುವವರು ತೀರ್ಮಾನಿಸುತ್ತಾರೆ. ಸತ್ತವರ ಮನೆಯವರನ್ನು ಕೇಳುವುದು ಕಡಿಮೆ.

ನಮ್ಮನ್ನೂ ಕೇಳಿದಂತಾಗಲಿಲ್ಲ. ಮೂರ್ತಿ ಮಾಡುತ್ತಿದ್ದವರು ಸೊರಬದವರು, ಒಂದು ಕಾಲಕ್ಕೆ ಗಂಧದ ಕೆತ್ತನೆಗೆ ಹೆಸರಾದ ಮನೆತನ, ಈಗ ಸಿಮೆಂಟು. ನಾನು ಹೋದಾಗ ಹೋರಿಯ ಮೈ ಆಗಲೇ ತಯಾರಾಗಿತ್ತು. ಹರಿದ ಬಲಗಿವಿಯನ್ನು ಬಿಡದೆ ಮಾಡಿದ್ದರು. ಆ ಕಿವಿಯನ್ನು ಮುಟ್ಟಿ ನೋಡಿದೆ.

"ಕತ್ತಿನೊಳಗೆ ಕಬ್ಬಿಣದ ಸರಳು ಕೂರಿಸಿ ಆಯ್ತಲ್ಲ ಮಾರಾಯ್ರೆ," ಎಂದರು ಶಿಲ್ಪಿ. "ಈಗ ತಿರುಗಿಸೋದು ಅಂದ್ರೆ ಕತ್ತೇ ಒಡೀಬೇಕು. ಮೊದಲೇ ಹೇಳಿದ್ರೆ ಮಾಡ್ಬಹುದಿತ್ತು."

ಹೋರಿಯ ಯಜಮಾನರೂ ಅಲ್ಲೇ ಇದ್ದರು. "ಅಮ್ಮನ ಮಾತು ತೆಗೆದು ಹಾಕ್ತೀನಿ ಅಂತಲ್ಲ," ಎಂದರು. "ಆದ್ರೆ ಓಡೋ ಹೋರಿ ತಿರುಗಿ ನೋಡ್ತು ಅಂದ್ರೆ ಅದು ಸೋತ ಹಂಗೆ. ಹುಡುಗ್ರು ಒಪ್ಪಲ್ಲ. ನಮ್ಮ ಹೋರಿ ಯಾವತ್ತೂ ತಿರುಗಿ ನೋಡಿದ್ದಿಲ್ಲ."

ಹಾಗೆಂದವರು ನನ್ನ ಮುಖ ನೋಡಿ ತಲೆ ತಗ್ಗಿಸಿದರು. ನಾನು ಜಗಳ ಮಾಡಬಹುದಿತ್ತು. ನನ್ನ ನಾಲಿಗೆ ಚುರುಕು, ಊರಿಗೆಲ್ಲ ಗೊತ್ತು. ಆದರೆ ಆ ಹೋರಿಯ ವಿಷಯದಲ್ಲಿ ಬಾಯಿ ತೆರೆಯುವ ಹಕ್ಕನ್ನು ನಾನು ಎಂದೋ ಮಾರಿಕೊಂಡಿದ್ದೆ. ಆಗಲಿ ಎಂದು ಬಂದೆ. ಅವ್ವನಿಗೆ ಮಾತ್ರ ಈ ಸಲ ಸುಳ್ಳು ಹೇಳಲಿಲ್ಲ. "ಆಗಂಗಿಲ್ಲಂತ ಬೇ. ಕತ್ತು ನೆಟ್ಟಗೇ ಇರ್ತೈತಿ," ಎಂದೆ. ಅವ್ವ ಅಕ್ಕಿ ಆರಿಸುತ್ತಿದ್ದಳು. ಆರಿಸುತ್ತಲೇ ಇದ್ದಳು.

"ಬಣ್ಣ ಹಚ್ಚಾಕ ಹೋಗ್ಲಾ, ಬ್ಯಾಡ ಅನ್ಲಾ?" ಎಂದು ಕೇಳಿದೆ.

"ಹೋಗು. ಬ್ಯಾರೆಯವ್ರ ಕೈಲಿ ಯಾಕ?"

ಮೂರ್ತಿಯನ್ನು ತಂದು ಬಸ್ ಸ್ಟಾಪಿನ ಪಕ್ಕದ ಪೀಠದ ಮೇಲೆ ಕೂರಿಸಿದ ಮೇಲೆ ಮೂರು ದಿನ ಕೆಲಸ ಮಾಡಿದೆ. ಮೈಗೆ ಬೂದುಬಿಳಿ, ಭುಜದ ಮೇಲೆ ಕಪ್ಪು ಛಾಯೆ, ಹಣೆಯ ಮೇಲಿನ ಸುಳಿ. ಯಾವ ಫೋಟೋವನ್ನೂ ನೋಡಬೇಕಾಗಲಿಲ್ಲ, ಎಲ್ಲ ನೆನಪಿತ್ತು. ನನ್ನನ್ನು ಅಳಿಸಿದ್ದು ಅದೇ. ಹೋರಿಯ ಹಣೆಯ ಸುಳಿ ಎತ್ತ ತಿರುಗಿತ್ತು ಎಂಬುದು ನೆನಪಿದೆ, ತಮ್ಮನ ಹಣೆ ಹೇಗಿತ್ತೆಂದು ಎಷ್ಟು ನೆನೆದರೂ ಬರಲಿಲ್ಲ. ಮಾತು ಬಿಟ್ಟ ಮೇಲೆ ನಾನು ಅವನ ಮುಖವನ್ನು ನೋಡುವುದನ್ನೂ ಬಿಟ್ಟಿದ್ದೆ. ಏಣಿಯ ಮೇಲೆ, ಸಿಮೆಂಟಿನ ಹೋರಿಯ ಹಣೆಗೆ ಹಣೆ ತಾಗಿಸಿಕೊಂಡು ಅತ್ತೆ. ಕೆಳಗಿದ್ದವರು ಬಣ್ಣದ ಘಾಟು ಎಂದುಕೊಂಡರು.

ಪೀಠದ ಮೇಲೆ ಬರೆಯಬೇಕಾದ್ದನ್ನು ಹುಡುಗರು ಕಾಗದದಲ್ಲಿ ಬರೆದು ಕೊಟ್ಟಿದ್ದರು. ಬಿರುದು, ಗೆದ್ದ ಊರುಗಳು, ಕೊನೆಗೊಂದು ಸಾಲು: ಯಾರ ಕೈಗೂ ಸಿಗದ ಸರದಾರ. ಅಕ್ಷರ ತಪ್ಪಿಲ್ಲದೆ ಬರೆದುಕೊಟ್ಟೆ.

ಕಣ್ಣು ಕೊನೆಗೆ. ದೇವರ ಮೂರ್ತಿಯಾಗಲಿ ಮನುಷ್ಯರದಾಗಲಿ, ಕಣ್ಣು ಬರೆಯುವ ದಿನ ನಾನು ಸ್ನಾನ ಮಾಡಿ, ಏನೂ ತಿನ್ನದೆ ಏಣಿ ಹತ್ತುತ್ತೇನೆ. ಇದು ನನಗೆ ಬ್ರಷ್ ಹಿಡಿಯಲು ಕಲಿಸಿದವರ ಪದ್ಧತಿ. ಅಲ್ಲಿಯವರೆಗೆ ಮೂರ್ತಿ ಬರೀ ಸಿಮೆಂಟು. ಕಪ್ಪು ಪಾಪೆ ಇಟ್ಟ ಕೂಡಲೇ ಅದು ನೋಡತೊಡಗುತ್ತದೆ, ಆಮೇಲೆ ಅದರ ಮುಂದೆ ಬೀಡಿ ಹಚ್ಚಲೂ ಹಿಂಜರಿಕೆಯಾಗುತ್ತದೆ.

ಅಂದು ಬೆಳಿಗ್ಗೆ ಬಿಳಿ ಬಣ್ಣ ಒಣಗಿದ ಕಣ್ಣುಗುಡ್ಡೆಯ ಮುಂದೆ ಬ್ರಷ್ ಹಿಡಿದು ನಿಂತೆ. ಕತ್ತು ನೆಟ್ಟಗಿತ್ತು, ಅದು ನನ್ನ ಕೈಯಲ್ಲಿರಲಿಲ್ಲ. ಕಣ್ಣು ನನ್ನ ಕೈಯಲ್ಲಿತ್ತು. ಎಡಗಣ್ಣಿನ ಪಾಪೆಯನ್ನು ನಡುವಿನಲ್ಲಿಡದೆ ಪೂರ್ತಿ ಹಿಂದಿನ ಮೂಲೆಗೆ ಸರಿಸಿದೆ. ಮುಂದೆ ಓಡುತ್ತಿರುವಾಗ ಎಡಬದಿಯಿಂದ ಯಾರೋ ಕರೆದರೆ, ಕತ್ತು ಹೊರಳುವ ಮೊದಲು ಕಣ್ಣು ಹೊರಳುತ್ತದಲ್ಲ, ಹಾಗೆ. ಬಲಗಣ್ಣಿನ ಪಾಪೆಯನ್ನು ಅದಕ್ಕೆ ಸರಿಯಾಗಿ ಮುಂದಿನ ಮೂಲೆಗೆ ತಂದೆ.

ಯಜಮಾನರು ಬಂದು ಎದುರಿಗೆ ನಿಂತು ನೋಡಿದರು. ಎದುರಿನಿಂದ ಅದರ ಎಡಗಣ್ಣಿನ ಬಿಳಿಯೇ ಹೆಚ್ಚು ಕಾಣುತ್ತಿತ್ತು. "ಅಬ್ಬಾ, ಏನು ರೋಷ ಬಂದೈತೆ ನೋಡ್ರಿ!" ಎಂದು ನನ್ನ ಬೆನ್ನು ತಟ್ಟಿದರು. ಹುಡುಗರು ಶಿಳ್ಳೆ ಹೊಡೆದು ಸೆಲ್ಫಿ ತೆಗೆದುಕೊಂಡರು. ನಾನು ಬ್ರಷ್ ತೊಳೆದೆ.

ಅವ್ವ ಅನಾವರಣಕ್ಕೆ ಬರಲಿಲ್ಲ. ತಿಂಗಳು ಕಳೆದ ಮೇಲೆ ಚಂದ್ರಗುತ್ತಿಯ ಅಮ್ಮನಿಗೆ ಹಣ್ಣುಕಾಯಿ ಮಾಡಿಸಬೇಕೆಂದು ಹೊರಟಳು. ನಾನೂ ಜೊತೆಗಿದ್ದೆ. ಬಸ್ಸು ಶಿರಾಳಕೊಪ್ಪ ದಾಟಿ ಸೊರಬದ ಕಡೆ ಹೊರಳಿದ ಮೇಲೆ ಅವಳು ಕಿಟಕಿಯಾಚೆಗೇ ನೋಡುತ್ತಿದ್ದಳು. ಆ ಸ್ಟಾಪು ಬಂದಾಗ ಎದ್ದು ನಿಂತಳು.

"ಇಲ್ಲಿ ಇಳಿಯಾದಿಲ್ಲ ಬೇ," ಎಂದೆ.

"ಇಳೀತೀನಿ."

ಮಧ್ಯಾಹ್ನದ ಬಿಸಿಲು. ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ಅವ್ವ ಮೊದಲು ಎದುರಿಗೆ ನಿಂತು ಪೀಠದ ಮೇಲಿನದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಯಾರ ಕೈಗೂ ಸಿಗದ," ಎಂದು ಗಟ್ಟಿಯಾಗಿ ಓದಿ, "ಸುಳ್ಳು. ನಮ್ಮ ಕೈಯಾಗ ಬೆಳದದ್ದು," ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ತಲೆಯೆತ್ತಿ ನೆಟ್ಟಗಿದ್ದ ಕತ್ತನ್ನು ನೋಡಿದಳು. ಅವಳ ಮುಖ ಕುಂದಿತು. ಕಣ್ಣಿನ ವಿಷಯ ನಾನು ಎತ್ತಲಿಲ್ಲ. ಹೇಳಿ ತೋರಿಸಿದರೆ ಅದು ನನ್ನ ಕೈಚಳಕವಾಗಿಬಿಡುತ್ತಿತ್ತು.

ಸೆರಗನ್ನು ತಲೆಯ ಮೇಲೆಳೆದುಕೊಂಡು ನೆರಳು ಹುಡುಕುತ್ತಾ ಅವ್ವ ಎಡಗಡೆಗೆ ಬಂದಳು. ಅಲ್ಲಿ ತಂಗುದಾಣದ ಕಲ್ಲುಬೆಂಚಿದೆ. ಕೂರಲು ಹೋದವಳು ಕೂರದೆ ನಿಂತಳು.

ಹೋರಿ ಅವಳನ್ನೇ ನೋಡುತ್ತಿತ್ತು.

ಅವ್ವ ಎರಡು ಹೆಜ್ಜೆ ಆಚೆ ಸರಿದು ನೋಡಿದಳು, ಮತ್ತೆ ಅಲ್ಲಿಗೇ ಬಂದಳು. ಹೂಬುಟ್ಟಿಯಲ್ಲಿದ್ದ ದೇವಿಯ ನೈವೇದ್ಯದ ಬೆಲ್ಲದಿಂದ ಒಂದು ಚೂರು ಮುರಿದು ಅಂಗೈ ಮೇಲಿಟ್ಟುಕೊಂಡು ಕೈ ಚಾಚಿದಳು.

"ಕೂಸೆ," ಎಂದಳು, ಮೆಲ್ಲಗೆ. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದಳು: "ಕೇಳಿಸೇತಿ ನೋಡು ಅದಕ್ಕ. ಅವ್ನು ಕರದದ್ದು ಕೇಳಿಸೇತಿ."

ಅವಳು ಅಳುತ್ತಿದ್ದಳು. ತಮ್ಮನನ್ನು ಮಣ್ಣು ಮಾಡಿದ ದಿನದಿಂದ ನಾನು ಅವಳು ಅತ್ತದ್ದನ್ನು ನೋಡಿರಲಿಲ್ಲ. ಹತ್ತಿರ ಹೋಗಬೇಕೆನಿಸಿತು, ಹೋಗಲಿಲ್ಲ. ನಾನು ಮೂರ್ತಿಯ ಬಲಗಡೆ, ಹರಿದ ಕಿವಿಯ ಕಡೆ ನಿಂತಿದ್ದೆ. ತಲೆಯೆತ್ತಿ ನೋಡಿದೆ. ಬಲಗಣ್ಣನ್ನೂ ನಾನೇ ಬರೆದದ್ದು. ಅದು ನನ್ನನ್ನು ನೋಡುತ್ತಿರಲಿಲ್ಲ.